ಜೋಳಿಗೆ ಮೊದಲು ಹಿರಿಯರ ಮುಂದೆ

ಶರಣರಲ್ಲಿ ಹೆಂಡದ ಮಾರಯ್ಯನವರ ನಿಲುವು ವಿಶಿಷ್ಟವಾದುದು. ಅವರ ವೃತ್ತಿ ಹೆಂಡದ ಮಾರಾಟ. ಆದರೆ ಕುಡಿಯಲು ಬಂದವರಿಗೆ ಕುಡಿತದ ಕೇಡನ್ನು ತಿಳಿಹೇಳಿ, ಅವರನ್ನು ಶಿವಪಥಕ್ಕೆ ತಿರುಗಿಸಿದರೆಂದು ಪರಂಪರೆ ನೆನೆಯುತ್ತದೆ. ವ್ಯಸನಿಯನ್ನು ದೂರದಲ್ಲಿ ನಿಂತು ನಿಂದಿಸದೆ, ಅವನು ಬರುವ ಎಡೆಯಲ್ಲಿಯೇ ಕುಳಿತು ಮಾತನಾಡಿಸಿದುದು ಅವರ ದೊಡ್ಡತನ.

ಇದೇ ಹಾದಿಯಲ್ಲಿ ನಡೆದವರು ಇಳಕಲ್ಲಿನ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು. ಅವರು 1975ರಲ್ಲಿ ಆರಂಭಿಸಿದ 'ಮಹಾಂತ ಜೋಳಿಗೆ' ಕಾಳು ಕಾಸುಗಳನ್ನು ಬೇಡಲಿಲ್ಲ, ದುಶ್ಚಟಗಳನ್ನು ಬೇಡಿತು. ಮನೆಮನೆಗೆ ಹೋಗಿ ಕುಡಿತವನ್ನೂ ತಂಬಾಕನ್ನೂ ಭಿಕ್ಷೆಯಾಗಿ ಪಡೆದ ಪೂಜ್ಯರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರವು ವ್ಯಸನಮುಕ್ತ ದಿನವೆಂದು ಘೋಷಿಸಿದೆ.

ಮೈಸೂರಿಗೆ ಇಂದು ಆ ಜೋಳಿಗೆ ಬೇಕಾಗಿದೆ. 2025ರ ಜುಲೈಯಲ್ಲಿ ಮುಂಬೈ ಪೊಲೀಸರು ಈ ನಗರದ ಅಂಚಿನಲ್ಲಿಯೇ ಮಾದಕ ವಸ್ತು ತಯಾರಿಸುವ ಘಟಕವೊಂದನ್ನು ಪತ್ತೆಹಚ್ಚಿದರು. ಕಾನೂನಿಗೇನೂ ಕೊರತೆಯಿಲ್ಲ. ಮಕ್ಕಳಿಗೆ ಮಾದಕ ವಸ್ತು ಕೊಡುವವರಿಗೆ 2015ರ ಬಾಲನ್ಯಾಯ ಕಾಯ್ದೆಯಡಿ ಏಳು ವರ್ಷಗಳವರೆಗೆ ಸೆರೆವಾಸವಿದೆ. 21 ವರ್ಷ ತುಂಬದವರಿಗೆ ತಂಬಾಕು ಮಾರುವುದನ್ನು ರಾಜ್ಯದ ಕಾಯ್ದೆ ನಿಷೇಧಿಸಿದೆ. ಆದರೆ ಕಾನೂನು ಅಂಗಡಿಯ ಬಾಗಿಲಲ್ಲಿ ನಿಲ್ಲಬಲ್ಲದೇ ಹೊರತು ಮನೆಯ ಪಡಸಾಲೆಯಲ್ಲಿ ಕೂರಲಾರದು.

ಮಕ್ಕಳಿಗೆ ಉಪದೇಶಿಸುವುದು ಸುಲಭ. ಆದರೆ ಗುಟ್ಕಾ ತರಲು ಮಗನನ್ನೇ ಅಂಗಡಿಗೆ ಕಳುಹಿಸುವ ತಂದೆ ಯಾವ ಬಾಯಿಂದ ಬುದ್ಧಿ ಹೇಳಬೇಕು? ನಡೆಯಿಲ್ಲದ ನುಡಿಯನ್ನು ಶರಣರು ಒಪ್ಪಲಿಲ್ಲ. ಆದುದರಿಂದ ಜೋಳಿಗೆಯನ್ನು ಮಕ್ಕಳಿಗಿಂತ ಮೊದಲು ಹಿರಿಯರ ಮುಂದೆ ಒಡ್ಡಬೇಕು. ಅದರಲ್ಲಿ ಅವರು ತಮ್ಮ ಚಟವನ್ನು ಹಾಕಲಿ. ಸಂಜೆಯ ಒಂದು ಗಂಟೆಯನ್ನೂ ಹಾಕಲಿ.

ಆ ಒಂದು ಗಂಟೆ ಸಣ್ಣದಲ್ಲ. ಐಸ್‌ಲ್ಯಾಂಡ್ ದೇಶದಲ್ಲಿ 15–16ರ ಹರೆಯದವರ ಪೈಕಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿಸಿಕೊಂಡವರು 1998ರಲ್ಲಿ ನೂರಕ್ಕೆ 42 ಮಂದಿ; 2016ರಲ್ಲಿ 5 ಮಂದಿ ಮಾತ್ರ. ಹೆತ್ತವರು ಮಕ್ಕಳೊಡನೆ ಹೆಚ್ಚು ಹೊತ್ತು ಕಳೆದರು, ಊರು ಆಟಕ್ಕೂ ಸಂಗೀತಕ್ಕೂ ದಾರಿ ಮಾಡಿತು. ಮೈಸೂರಿಗೆ ಇದು ಹೊಸತಲ್ಲ. ಹಳೆಯ ಕೇರಿಗಳ ಗರಡಿಮನೆಗಳಲ್ಲಿ ಹುಡುಗರು ಉಸ್ತಾದರ ಕಣ್ಣೆದುರಿನಲ್ಲಿಯೇ ಬೆಳೆದರು. ಕೇರಿಯ ಹುಡುಗನೆಂದರೆ ಎಲ್ಲರ ಹುಡುಗನಾಗಿದ್ದ.

ಈಗಾಗಲೇ ಎಡವಿದ ಮಗುವನ್ನು ಮಾನಕ್ಕಂಜಿ ಬಚ್ಚಿಡುವುದಾಗಲಿ, ಶಾಲೆಯಿಂದ ಹೊರಗಟ್ಟುವುದಾಗಲಿ ಪರಿಹಾರವಲ್ಲ. ಹೊರದೂಡಿದವನಿಗಾಗಿ ಬಾಗಿಲು ತೆರೆದು ಕಾಯುವವನು ಮಾದಕ ವಸ್ತು ಮಾರುವವನೊಬ್ಬನೇ. ವ್ಯಸನ ಚಿಕಿತ್ಸೆಗೆ ಒಳಪಡುವ ರೋಗ; ನೆರವಿಗೆ 14446 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿಯಿದೆ.

ಪ್ರತಿ ಬಡಾವಣೆಯ ಶರಣಬಂಧುಗಳು ವಾರಕ್ಕೊಂದು ಸಂಜೆ ಹತ್ತು ಮನೆಗಳ ಕದ ತಟ್ಟಲಿ. ಶಿವಾನುಭವ ಗೋಷ್ಠಿಯಲ್ಲಿ ಹಿರಿಯರು ಆಡುವುದಕ್ಕಿಂತ ಹೆಚ್ಚಾಗಿ ಹುಡುಗರ ಮಾತನ್ನು ಆಲಿಸಲಿ. ಅಂದು ಹೆಂಡದ ಮಾರಯ್ಯನವರ ಸ್ಮರಣೆ ಸಾರ್ಥಕವಾದೀತು.