ಕಾಯುವ ಅವಧಿ ಹೆಚ್ಚಿಸಿದರೆ ಸಾಲದು

ಬೆಳೆ ವಿಮೆಯ ಅರ್ಜಿಯಿಂದ ಪಹಣಿಯವರೆಗೆ ನಮ್ಮ ಬೆಳೆಗಾರರ ಬಹುಪಾಲು ಕೆಲಸ ಈಗ ಅಂತರ್ಜಾಲದ ಮೂಲಕವೇ ನಡೆಯುತ್ತಿದೆ. ಮಲೆನಾಡಿನ ಮಳೆಗಾಲದಲ್ಲಿ ವಿದ್ಯುತ್ ಹೋದರೆ ಟವರೂ ಮೂಕವಾಗುತ್ತದೆ. ಪರದೆಯ ಮೇಲೆ ‘ಸಂಪರ್ಕದ ಅವಧಿ ಮೀರಿದೆ’ ಎಂದು ಕಂಡೊಡನೆ ಬ್ರೌಸರಿನ ಟೈಮ್‌ಔಟ್ ಅಂಕಿಯನ್ನು ಹೆಚ್ಚಿಸಿಕೊಂಡರಾಯಿತು ಎಂಬ ಸಲಹೆ ಸದಸ್ಯರಲ್ಲಿ ಬಾಯಿಂದ ಬಾಯಿಗೆ ಹರಡಿದೆ. ಈ ಬಗ್ಗೆ ನಮ್ಮ ಅಭಿಪ್ರಾಯ ಬೇರೆಯಾಗಿದೆ.

ಟೈಮ್‌ಔಟ್ ಎಂದರೆ ಬಾಗಿಲು ತಟ್ಟಿ ಎಷ್ಟು ಹೊತ್ತು ನಿಲ್ಲಬೇಕೆಂಬ ಲೆಕ್ಕ. ಫೈರ್‌ಫಾಕ್ಸ್‌ನಲ್ಲಿ ಇದು ಮೊದಲಿನಿಂದಲೇ 90 ಸೆಕೆಂಡು. ‘ಅಬೌಟ್:ಕಾನ್ಫಿಗ್’ ಪುಟದಲ್ಲಿ ಅದನ್ನು ಬದಲಿಸಬಹುದು. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಇಂಥ ಅವಕಾಶವಿಲ್ಲ. ಆದರೆ ಬಾಗಿಲು ತಟ್ಟುವ ಕೆಲಸ ಬ್ರೌಸರಿನದಲ್ಲ, ಕೆಳಗಿರುವ ವಿಂಡೋಸ್ ಅಥವಾ ಲಿನಕ್ಸ್‌ನದು. 2011ರ ಆರ್‌ಎಫ್‌ಸಿ 6298ರ ನಿಯಮದಂತೆ ಮೊದಲು 1 ಸೆಕೆಂಡು ಕಾದು, ಉತ್ತರ ಬಾರದಿದ್ದರೆ 2, 4, 8, 16 ಎಂದು ಕಾಯುವ ಅವಧಿ ಇಮ್ಮಡಿಸುತ್ತ ಹೋಗುತ್ತದೆ. ಕೆಲವು ಯತ್ನಗಳ ನಂತರ ಅದು ತಾನಾಗಿಯೇ ಕೈಬಿಡುತ್ತದೆ. ಬ್ರೌಸರಿನಲ್ಲಿ 90ನ್ನು 300 ಮಾಡಿದರೂ ಅದು ಹೆಚ್ಚು ಬಾರಿ ತಟ್ಟುವುದಿಲ್ಲ. ಸಿಗ್ನಲ್ ಮರಳಿದ ಮೇಲೆ ಪುಟವನ್ನು ಹೊಸದಾಗಿ ತೆರೆದರೆ ಎಣಿಕೆ ಮತ್ತೆ 1 ಸೆಕೆಂಡಿನಿಂದ ಆರಂಭವಾಗುತ್ತದೆ. ಕಾಯುತ್ತ ಕೂರುವುದಕ್ಕಿಂತ ಇದೇ ಲೇಸು.

ಸಂಪರ್ಕ ಸಿಕ್ಕ ಮೇಲಿನ ವಿಳಂಬ ಬೇರೆ ಬಗೆಯದು. ಉತ್ತರಕ್ಕಾಗಿ ಫೈರ್‌ಫಾಕ್ಸ್ 300 ಸೆಕೆಂಡು ಕಾಯುತ್ತದೆ. ಆದರೆ ಆ ಕಡೆಯ ಎನ್‌ಜಿನ್‌ಎಕ್ಸ್‌ನಂಥ ಮಧ್ಯವರ್ತಿ ತಂತ್ರಾಂಶ, ಯಾರೂ ಬದಲಿಸದಿದ್ದರೆ, 60 ಸೆಕೆಂಡಿಗೇ ಕೈಚೆಲ್ಲಿ 504 ಎಂಬ ದೋಷಸಂಖ್ಯೆ ತೋರಿಸುತ್ತದೆ. ‘ಸೆಷನ್ ಮುಗಿದಿದೆ’ ಎಂಬುದೂ ಅತ್ತಣ ತೀರ್ಮಾನವೇ. ಇವಕ್ಕೆ ನಮ್ಮ ಮನೆಯ ಯಂತ್ರದಲ್ಲಿ ಅಂಕಿ ತಿದ್ದುವುದು, ಬೇರಿನ ಅಣಬೆರೋಗಕ್ಕೆ ಗೊನೆಗೆ ಬೋರ್ಡೋ ಹೊಡೆದಂತೆ.

ಇಲ್ಲೊಂದು ಎಚ್ಚರಿಕೆಯೂ ಅಗತ್ಯ. ಅರ್ಜಿ ಅಥವಾ ಹಣ ಸಲ್ಲಿಸಿದ ಮೇಲೆ ಪುಟ ನಿಂತರೆ ಕೂಡಲೇ ಮತ್ತೊಮ್ಮೆ ಗುಂಡಿ ಒತ್ತಬಾರದು. ಉತ್ತರ ಬರಲಿಲ್ಲವೆಂದರೆ ಕೆಲಸ ಆಗಿಲ್ಲವೆಂದು ಅರ್ಥವಲ್ಲ. ಮೊದಲು ಸ್ವೀಕೃತಿ ಸಂಖ್ಯೆಯನ್ನೂ ಬ್ಯಾಂಕಿನ ಖಾತೆಯನ್ನೂ ನೋಡಿಕೊಳ್ಳಬೇಕು.

ಪೇಟೆಯ ವೇಗದ ಸಂಪರ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಜಾಲತಾಣ ಕಟ್ಟಿ, ಕೊನೆಯ ದಿನಾಂಕವನ್ನು ಮಾತ್ರ ಎಲ್ಲರಿಗೂ ಒಂದೇ ಎನ್ನುವುದು ನ್ಯಾಯವಲ್ಲ. ಅರ್ಧ ತುಂಬಿದ ಅರ್ಜಿ ಉಳಿದುಕೊಳ್ಳುವ ವ್ಯವಸ್ಥೆ ಇರಬೇಕು. ಒಂದೇ ಅರ್ಜಿ ಎರಡು ಸಲ ಬಂದರೂ ಒಂದೇ ಎಂದು ಗುರುತಿಸಬೇಕು. ತಾಣ ಕೆಟ್ಟು ನಿಂತಷ್ಟು ಕಾಲವನ್ನು ಕೊನೆಯ ದಿನಾಂಕಕ್ಕೆ ಸೇರಿಸಬೇಕು. ಇವು ಕೃಪೆಯಲ್ಲ, ಕಂತು ಕಟ್ಟುವವನ ಹಕ್ಕು.

ಬರಿಯ ದೂರಿನಿಂದ ಇದು ಆಗದು. ಆದ್ದರಿಂದ ಸದಸ್ಯ ಬಾಂಧವರು ಅಡಚಣೆಯಾದಾಗ ದಿನಾಂಕ, ವೇಳೆ ಮತ್ತು ದೋಷಸಂಖ್ಯೆಯನ್ನು ಬರೆದಿಟ್ಟುಕೊಂಡು, ಪರದೆಯ ಚಿತ್ರ ತೆಗೆದು, ಸಂಘದ ಕಚೇರಿಗೆ ತಲುಪಿಸಬೇಕಾಗಿ ವಿನಂತಿ. ಒಬ್ಬನ ಅಳಲನ್ನು ಬದಿಗಿಡುವುದು ಸುಲಭ. ನೂರು ಮಂದಿಯ ಲಿಖಿತ ದಾಖಲೆಯನ್ನು ಹಾಗೆ ಬದಿಗಿಡಲಾಗದು. ಸಹಕಾರ ಸಂಘ ಇರುವುದು ಅದಕ್ಕಾಗಿಯೇ ಎಂದು ನಾವು ನಂಬಿದ್ದೇವೆ.