ಗಂಜಾಮಿಗೆ ಹೋದ ನಮ್ಮವರು

ನಾನು ಶಿರಾ ಸೀಮೆಯ ಗೌಡಗೆರೆಯವನು. ಮಳೆ ಬಂದರೆ ಕೆರೆ, ಬಾರದಿದ್ದರೆ ದೂಳು. ಇದು ನಮ್ಮ ಕಡೆಯ ಬಾಳು. ಅಂಥವನೊಬ್ಬ ಕಾವೇರಿಯ ನಡುವಣ ಶ್ರೀರಂಗಪಟ್ಟಣದ ಚರಿತ್ರೆ ಬರೆಯಹೊರಟಿದ್ದಾನಲ್ಲ ಎಂದು ವಾಚಕರು ನಗಬಹುದು. ಆದರೆ ಆ ಪಟ್ಟಣದ ಮೇಲೆ ನಮ್ಮ ಸೀಮೆಗೂ ಒಂದು ಹಕ್ಕಿದೆಯೆಂಬುದೇ ನನ್ನ ವಾದ.

ಕಳೆದ ವರ್ಷ ಕಾಲೇಜಿನ ಪ್ರವಾಸದಲ್ಲಿ ನಾವು ಅಲ್ಲಿಗೆ ಹೋಗಿದ್ದೆವು. ಊರು ತೋರಿಸುವವನು ಕ್ರಮ ತಪ್ಪದೆ ಎಲ್ಲವನ್ನೂ ವಿವರಿಸಿದ. 1454ರಲ್ಲಿ ತಿಮ್ಮಣ್ಣ ದಂಡನಾಯಕ ಕಟ್ಟಿಸಿದ ಕೋಟೆ, 1610ರಲ್ಲಿ ರಾಜ ಒಡೆಯರ ಕೈಸೇರಿದ ಸಿಂಹಾಸನ, 1799ರ ಮೇ 4ರಂದು ಇಂಗ್ಲಿಷರ ಸೇನೆ ಗೋಡೆಯೊಡೆದು ನುಗ್ಗಿದ ಜಾಗ, ಟಿಪ್ಪು ಬಿದ್ದ ಸ್ಥಳ. ಗೆಳೆಯರು ಅಲ್ಲೆಲ್ಲ ನಿಂತು ಪಟ ತೆಗೆಸಿಕೊಂಡರು. ನಾನು ಗಂಜಾಮಿನ ಮಾತೆತ್ತಿದೆ. ಅವನು ನಿಮಿಷಾಂಬೆಯ ಗುಡಿಯನ್ನೂ ಗುಂಬಜನ್ನೂ ಹೆಸರಿಸಿ ಮುಗಿಸಿಬಿಟ್ಟ. ಅವನ ತಪ್ಪಲ್ಲ, ನಾನು ಓದಿದ ಪಾಠಗಳೂ ಅಲ್ಲಿಗೇ ನಿಲ್ಲುತ್ತವೆ.

ನಾನು ಕೇಳಿದ್ದಕ್ಕೆ ಕಾರಣವಿತ್ತು. ಮೈಸೂರು ಸೀಮೆಯ ಬಗ್ಗೆ ರೈಸ್ ಸಾಹೇಬರು ಬರೆದ ಗ್ಯಾಸೆಟಿಯರಿನಲ್ಲಿ, ಶಿರಾದ ವಿಷಯ ಬರುವಲ್ಲಿ, ಒಂದು ಮಾತು ಕಣ್ಣಿಗೆ ಬಿದ್ದಿತ್ತು. ತಾನು ಹೊಸದಾಗಿ ಕಟ್ಟಿದ ಗಂಜಾಂ ಪೇಟೆಯನ್ನು ತುಂಬಿಸುವುದಕ್ಕಾಗಿ ಟಿಪ್ಪು ಸುಲ್ತಾನನು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದನಂತೆ. ಅಷ್ಟೇ. ಮುಂದಿನ ಮಾತು ಬೇರೆ. ಮನೆಗೆ ನಾಲ್ವರೆಂದರೂ ನಲವತ್ತೆಂಟು ಸಾವಿರ ಜನ! ಲೆಕ್ಕದಲ್ಲಿ ಅರ್ಧ ಉತ್ಪ್ರೇಕ್ಷೆಯೆಂದು ತಳ್ಳಿಹಾಕಿದರೂ ಉಳಿದದ್ದು ಸಣ್ಣ ಸಂಖ್ಯೆಯೇ? ನಮ್ಮ ಬಸ್ಸಿಗೇ ಅರ್ಧ ದಿನ ಹಿಡಿದ ಹಾದಿಯನ್ನು ಅವರು ಮುದುಕರನ್ನೂ ಕೈಗೂಸುಗಳನ್ನೂ ಕಟ್ಟಿಕೊಂಡು ಸವೆಸಬೇಕಾಯಿತು.

ಆಗ ಶಿರಾ ಹಾಳುಕೊಂಪೆಯೇನೂ ಆಗಿರಲಿಲ್ಲ. ಕಸ್ತೂರಿ ರಂಗಪ್ಪ ನಾಯಕ ಆರಂಭಿಸಿದ ಊರದು. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ ಅದನ್ನು ಗೆದ್ದ. 1687ರ ಮೇಲೆ ಮೊಗಲರ ಸುಬಾದ ಮುಖ್ಯಸ್ಥಳವಾಯಿತು. ದಿಲಾವರ ಖಾನನ ಕಾಲಕ್ಕೆ 50,000 ಮನೆಗಳಿದ್ದವೆಂದು ಹೇಳಿಕೆ. ಅವನ ಅರಮನೆಯೇ ಬೆಂಗಳೂರಿನ ಮತ್ತು ಶ್ರೀರಂಗಪಟ್ಟಣದ ಅರಮನೆಗಳಿಗೆ ಮಾದರಿಯಾಯಿತೆಂದೂ ಹೇಳುತ್ತಾರೆ. ಅಂದಮೇಲೆ ನಮ್ಮಿಂದ ಹೋದದ್ದು ಜನ ಮಾತ್ರವಲ್ಲ.

ಗೆಳೆಯರೊಬ್ಬರು ಆಕ್ಷೇಪಿಸಿದರು: "ಮರಾಠರೂ ಮೈಸೂರಿನವರೂ ಶಿರಾವನ್ನು ಚೆಂಡಿನಂತೆ ಆಡಿದರಲ್ಲ, ಊರು ಕೆಟ್ಟದ್ದು ಅದರಿಂದಲೇ ಏಕಾಗಬಾರದು?" ನಿಜವೇ. 1757ರಲ್ಲಿ ಮರಾಠರು, 1761ರಲ್ಲಿ ಹೈದರಾಲಿ, 1766ರಲ್ಲಿ ಪುನಃ ಮರಾಠರು, 1774ರಲ್ಲಿ ಟಿಪ್ಪು. ಹದಿನೇಳು ವರ್ಷದಲ್ಲಿ ನಾಲ್ಕು ಬಾರಿ ಒಡೆಯರು ಬದಲಾದರು. ಆದರೆ ಸೋತ ಊರು ಜನವಿದ್ದರೆ ಮತ್ತೆ ಚಿಗುರುತ್ತದೆ. ಜನರನ್ನೇ ಕಿತ್ತೊಯ್ದರೆ ಚಿಗುರುವುದು ಯಾವುದು?

ಒಯ್ದಲ್ಲಾದರೂ ಅವರು ಬಾಳಿದರೇ? ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂದು ಅಂದಾಜು. 1800ರಲ್ಲಿ ಬುಕಾನನ್ ಬಂದಾಗ ಉಳಿದವರು ಸುಮಾರು 32,000. ರಾಜಧಾನಿ ಮೈಸೂರಿಗೆ ಹೋಯಿತು, ಪೇಟೆ ಕರಗಿತು. ಒಂದೂರನ್ನು ಬರಿದುಮಾಡಿ ತುಂಬಿಸಿದ ಇನ್ನೊಂದೂರು ಒಂದು ತಲೆಮಾರೂ ನಿಲ್ಲಲಿಲ್ಲ.

ಟಿಪ್ಪುವನ್ನು ಹೊಗಳುವವರಿದ್ದಾರೆ, ತೆಗಳುವವರಿದ್ದಾರೆ. ಆ ಜಗಳ ನನಗೆ ಬೇಡ. ಎರಡು ಪಕ್ಷದವರೂ ಸುಲ್ತಾನನನ್ನೇ ನೋಡುತ್ತಾರೆ, ಗಾಡಿಗೆ ಪಾತ್ರೆಪಗಡಿ ಹೇರಿದವರನ್ನು ಯಾರೂ ನೋಡುವುದಿಲ್ಲವೆಂಬುದೇ ನನ್ನ ದೂರು. ಚರಿತ್ರೆಯ ತರಗತಿಯಲ್ಲಿ ಮುತ್ತಿಗೆಯ ತಾರೀಖುಗಳನ್ನು ಬಾಯಿಪಾಠ ಮಾಡುವ ನಾವು, ನಮ್ಮ ಹೋಬಳಿಯ ಹಳ್ಳಿಹಳ್ಳಿಗೂ ಹೋಗಿ, ಆ ಗುಳೆಯ ನೆನಪು ಯಾವ ಮನೆಯಲ್ಲಾದರೂ ಉಳಿದಿದೆಯೇ ಎಂದು ವಿಚಾರಿಸಿದ್ದೇವೆಯೇ? ನಾನೂ ವಿಚಾರಿಸಿಲ್ಲ. ಈ ಬೇಸಗೆಯ ರಜದಲ್ಲಿ ಗೌಡಗೆರೆಯಿಂದಲೇ ಆರಂಭಿಸಬೇಕೆಂದಿದ್ದೇನೆ. ಜೊತೆಗೆ ಬರುವವರು ಬರಬಹುದು.

ಈಗ ಹೇಮಾವತಿಯ ನೀರು ನಾಲೆಯಲ್ಲಿ ಕಳ್ಳಂಬೆಳ್ಳವನ್ನು ದಾಟಿ ಶಿರಾ ಕೆರೆಗೆ ಬರುತ್ತದೆ. ಹೇಮಾವತಿ ಕಾವೇರಿಯ ಉಪನದಿ; ಇತ್ತ ತಿರುಗಿಸದಿದ್ದರೆ ಆ ನೀರು ಶ್ರೀರಂಗಪಟ್ಟಣದ ಕೋಟೆಯ ಬುಡವನ್ನು ಬಳಸಿಕೊಂಡು ಹೋಗಬೇಕಾದದ್ದು. ಕೆರೆಯ ಏರಿಯ ಮೇಲೆ ಇದನ್ನು ಹೇಳಿದಾಗ ಅದೇ ಗೆಳೆಯರು, "ಹಾಗಾದರೆ ಸಾಲ ತೀರಿತು ಬಿಡಿ" ಎಂದು ನಕ್ಕರು. ನಾನು ಒಪ್ಪಲಿಲ್ಲ. ಗಂಜಾಮಿನಲ್ಲಿ ಒಂದು, ಶಿರಾ ಕೋಟೆಯ ಬಾಗಿಲಲ್ಲಿ ಒಂದು, ಹೀಗೆ ಎರಡು ಕಲ್ಲು ನೆಟ್ಟು ಆ 12,000 ಕುಟುಂಬಗಳ ಸಂಗತಿಯನ್ನು ಕನ್ನಡದಲ್ಲಿ ಕೊರೆಸಲಿ; ಆಮೇಲೆ ಲೆಕ್ಕ ನೋಡೋಣ.