ಏಳು ದಿನ ಒಲಿ ಹಚ್ಚಲಿಲ್ಲ, ಏನೀಗ?

ಅಕ್ಕಂದಿರ, ತಂಗೆಂದಿರ, ಈ ಸಲ ಅಡಗಿ ಬರಿಯೂದಿಲ್ಲ. ಅಡಗಿ ಮಾಡದ ಇದ್ದ ಏಳು ದಿನದ ಬಗ್ಗೆ ಬರಿತೀನಿ. ಸ್ವಲ್ಪ ಸಿಟ್ಟಿನಿಂದನ ಬರಿತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಮಗನ ಮನ್ಯಾಗ ಇದ್ದು, ಅಲ್ಲಿಂದ ಅಲಾಸ್ಕಾ ಹಡಗಿನ ಪ್ರವಾಸ ಮಾಡಿ ಊರಿಗೆ ಬಂದಾಗಿನಿಂದ ನನಗ ಬರೋ ಪ್ರಶ್ನೆ ಒಂದ ಐತಿ. ಬರ್ಫ ಹೆಂಗಿತ್ತು ಅಂತ ಯಾರೂ ಕೇಳವಲ್ರು. "ಏಳು ದಿನ ಅಡಗಿ ಯಾರು ಮಾಡಿದ್ರು?" ಅಂತ ಕೇಳತಾರ. ನಮ್ಮ ಮನಿಯವರೂ ಅದ ಹಡಗಿನ್ಯಾಗ ಇದ್ರು, ಅದ ಊಟ ಉಂಡ್ರು. ಅವರಿಗೆ "ಆರಾಮ ಆತೇನ್ರಿ ಕಾಕಾ?" ಅಂತ ಕೇಳತಾರ. ನನಗ ಮಾತ್ರ "ಒಲಿ ಹಚ್ಚಲೇ ಇಲ್ಲೇನ ಚಿಗವ್ವ? ಏಳು ದಿನ ಮಂದಿ ಕೈಯಾಗಿಂದ ಹೆಂಗ ಉಂಡಿ?"

ಹಚ್ಚಲಿಲ್ಲ. ಉಂಡೆ. ಭಾಳ ಆರಾಮ ಉಂಡೆ.

ಹೋಗದವರಿಗೆ ಮೊದಲ ಹಾದಿ ಹೇಳತೀನಿ. ಸಿಯಾಟಲ್ ಊರಿನಿಂದ ಹಡಗ ಬಿಡತೈತಿ. ಮೇ ತಿಂಗಳಿಂದ ಸಪ್ಟೆಂಬರ್ ತನಕ ಇದರ ಹಂಗಾಮು. ಅಲ್ಲಿ ಕಂಪ್ಯೂಟರ್ ಕೆಲಸದಾಗ ಇರೋ ನಮ್ಮ ಮಂದಿ ಊರಿಂದ ಅಪ್ಪ-ಅವ್ವನ್ನ ಕರಿಸಿಕೊಂಡಾಗ, ಮನಿ ಸಮೀಪನ ಹಡಗ ಸಿಗತೈತಿ ಅಂತ ಇದಕ್ಕ ಕರಕೊಂಡು ಹೋಗತಾರ. ನಮ್ಮ ಹಡಗ ಜುನೋ, ಸ್ಕ್ಯಾಗ್ವೆ, ಗ್ಲೇಸಿಯರ್ ಬೇ, ಕೆಚಿಕನ್ ನೋಡಿಕೊಂಡು, ಕೆನಡಾದ ವಿಕ್ಟೋರಿಯಾದಾಗ ನಿಂತು ತಿರುಗಿ ಬಂತು. ಆ ವಿಕ್ಟೋರಿಯಾ ಯಾಕಂದ್ರ, 1886ರಾಗ ಅಮೆರಿಕಾದವರು ಒಂದು ಕಾಯ್ದೆ ಮಾಡ್ಯಾರ. ಬ್ಯಾರೆ ದೇಶದ ನಿಶಾನಿ ಹಚ್ಚಿದ ಹಡಗ ಅಮೆರಿಕಾದ ಊರಿಂದ ಮಂದೀನ ಹತ್ತಿಸಿಕೊಂಡು ಅಮೆರಿಕಾದ ಊರಾಗ ಇಳಿಸಬೇಕಂದ್ರ ನಡುವ ಒಂದು ಪರದೇಶದ ಬಂದರ ಮುಟ್ಟಲೇಬೇಕು. ಅದಕ್ಕ ನಮ್ಮ ಪಾಸ್‌ಪೋರ್ಟಿಗೆ ಕೆನಡಾದ ವೀಸಾನೂ ಬ್ಯಾರೆ ತಗಸಬೇಕಾತು. ಹೋಗೋರು ಇದ್ರ ಮೊದಲ ನೆಪ್ಪಿಟ್ಟುಕೊಳ್ರಿ, ಟಿಕೆಟ್ ತಗಸಿದ ಮ್ಯಾಲ ಓಡ್ಯಾಡಬ್ಯಾಡ್ರಿ.

ಎರಡೂ ಕಡೆ ಕರ್ರಗ ಕಾಣುವಂಥ ಅಡವಿ, ನೀರಿನ ತನಕ ಇಳದು ಬಂದಿರತೈತಿ. ಊರಿಲ್ಲ, ಹೊಲ ಇಲ್ಲ, ದೀಪ ಇಲ್ಲ. ಜುನೋ ಅಲಾಸ್ಕಾದ ರಾಜಧಾನಿ ಅಂತ, ಆದ್ರ ಹೊರಗಿನಿಂದ ಅದಕ್ಕ ರಸ್ತೇನ ಇಲ್ಲ. ಹಡಗಿನ್ಯಾಗ ಹೋಗಬೇಕು, ಇಲ್ಲಾ ವಿಮಾನದಾಗ ಹೋಗಬೇಕು. ಜೂನ್ ತಿಂಗಳದಾಗ ರಾತ್ರಿ ಹತ್ತು ಹೊಡದ್ರೂ ಹೊತ್ತು ಮುಣಗೂದಿಲ್ಲ. ದೀಪ ಹಚ್ಚೋ ಹೊತ್ತು ಯಾವುದು ಅಂತ ನನಗ ತಿಳೀಲೇ ಇಲ್ಲ. ತಿಳದ್ರೂ ಹಚ್ಚಾಕ ಬರತಿದ್ದಿಲ್ಲ ಬಿಡ್ರಿ, ಹಡಗಿನ ರೂಮಿನ್ಯಾಗ ಬೆಂಕಿ ಹಚ್ಚಂಗಿಲ್ಲ. ಮೇಣಬತ್ತಿ ಇಲ್ಲ, ಊದಿನಕಡ್ಡಿ ಇಲ್ಲ, ಕರೆಂಟಿನ ಅನ್ನದ ಕುಕ್ಕರ್ ಇಲ್ಲ, ನೀರ ಕಾಸೋ ಕೆಟಲ್ ಸುದ್ದಾ ಇಲ್ಲ. ಮಗ ಇದನ್ನ ಓದಿ ಹೇಳಿದಾಗ ನಮ್ಮ ಮನಿಯವರು "ಚಾಕ್ಕ ಏನ ಮಾಡೂದು?" ಅಂತ ಗಾಬರಿ ಆದ್ರು. ನನಗ ಆ ಕಾಯ್ದೆ ಮಾಡಿದವರ ಕೈಗೆ ನಮಸ್ಕಾರ ಮಾಡಬೇಕು ಅನಿಸ್ತು. ಲಗ್ನ ಆದಾಗಿನಿಂದ ನನಗ "ಒಲಿ ಹಚ್ಚಬ್ಯಾಡ" ಅಂತ ಹೇಳಿದ ಮೊದಲನೇ ಜಾಗಾ ಅದು.

ಈಗ ನಮ್ಮ ಕಡೆ ಸುತ್ತಾಡಾಕ ಹೋಗೂದು ಹೆಂಗಿರತೈತಿ ನೋಡೂಣು. ಎಳ್ಳ ಅಮಾಸಿಗೆ ಚರಗ ಚೆಲ್ಲಾಕ ಹೊಲಕ್ಕ ಹೋಗತೀವಿ. ಎಲ್ಲಾರೂ ಅಂತಾರ, "ಎಷ್ಟ್ ಛಂದ ದಿನ, ಎಲ್ಲಾರೂ ಕೂಡಿ ಹೊಲದಾಗ ಊಟ." ಹೌದ್ರಿ ಛಂದ ದಿನ. ನಸಿಕಿನ ಮೂರಕ್ಕ ಎದ್ದವರು ಯಾರು? ಸಜ್ಜಿ ರೊಟ್ಟಿ ಬಡದವರು, ಎಣ್ಣಿಗಾಯಿ ಮಾಡಿದವರು, ಕಡಬು ಕುದಿಸಿದವರು, ಶೇಂಗಾ ಹೋಳಿಗಿ ಬೇಯಿಸಿದವರು, ಬುಟ್ಟಿ ಕಟ್ಟಿದವರು ಯಾರು? ಉಂಡ ಮ್ಯಾಲ ಗಂಡಸರು ಬೇವಿನ ಗಿಡದ ಬುಡಕ ಅಡ್ಡ ಆಗತಾರ, ನಾವು ಭಾಂಡೆ ಬಳಕೊಂತ ಕುಂದರತೀವಿ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕ ಹೋದ್ರೂ ಅದ, ಮೂರು ಕಲ್ಲು ಹೂಡಿ ಹೊಗಿಯಾಗ ಕಣ್ಣೀರು ಹಾಕೋರು ನಾವು. ಒಮ್ಮೆ ಟೆಂಪೋ ಮಾಡಿಕೊಂಡು ಗೋಕರ್ಣ, ಮುರ್ಡೇಶ್ವರಕ್ಕ ಹೋಗಿದ್ವಿ. ಸೀಟಿನ ಕೆಳಗ ಗ್ಯಾಸ್ ಸಿಲಿಂಡರ್, ಕಾಲಾಗ ಅಕ್ಕಿ ಚೀಲ, ತೊಡಿ ಮ್ಯಾಲ ರೊಟ್ಟಿ ಗಂಟು. ಗಂಡಸರು ಹುಡುಗರು ಸಮುದ್ರಕ್ಕ ಇಳದ್ರು, ನಾವು ನಾಕು ಮಂದಿ ನೆಗೆಣ್ಣೇರು ಟೆಂಪೋ ಹಿಂದ ಸಾರಿಗೆ ಒಗ್ಗರಣಿ ಕೊಟ್ಟಿವಿ. ಮುರ್ಡೇಶ್ವರದ ಸಮುದ್ರ ನಾ ನೋಡಿದ್ದು ಮುಸುರಿ ತಿಕ್ಕೋ ಹೊತ್ತಿನ್ಯಾಗ.

ಇದಕ್ಕ ಪ್ರವಾಸ ಅಂತೀರೇನು? ನಾ ಅನ್ನೂದಿಲ್ಲ. ಅಡಗಿಮನಿಗೆ ಗಾಲಿ ಹಚ್ಚಿಕೊಂಡು ಹೋಗೂದು ಅಂತೀನಿ.

"ಮನಿಗೆಲಸ ಏನ ದೊಡ್ಡದು" ಅನ್ನೋರಿಗೆ ಒಂದು ಲೆಕ್ಕ ಕೊಡತೀನಿ. 2019ರಾಗ ಕೇಂದ್ರ ಸರ್ಕಾರದವರು ದೇಶದ ಮಂದಿ ದಿನದ ಹೊತ್ತು ಹೆಂಗ ಕಳೀತಾರ ಅಂತ ಸಮೀಕ್ಷೆ ಮಾಡಿದ್ರು. ಪಗಾರ ಇಲ್ಲದ ಮನಿಗೆಲಸ ಮಾಡೋ ಹೆಣ್ಣಮಕ್ಕಳು ಅದಕ್ಕ ದಿನಕ್ಕ 299 ನಿಮಿಷ ಹಾಕತಾರ ಅಂತ ಬಂತು. ಅಂದ್ರ ಹತ್ತಿರ ಹತ್ತಿರ ಐದು ತಾಸು. ಗಂಡಸರದು 97 ನಿಮಿಷ. ಈ 97 ನೋಡಿ ಮೋಸ ಹೋಗಬ್ಯಾಡ್ರಿ, ಅದು ಮನಿಗೆಲಸ ಮಾಡೋ ಗಂಡಸರ ಲೆಕ್ಕ ಅಷ್ಟ. ಅಂಥವರು ನೂರಕ್ಕ 26 ಮಂದಿ. ಉಳದವರದು ಸೊನ್ನಿ. ಮತ್ತ ಕೂಸು ನೋಡೂದು, ವಯಸ್ಸಾದವರನ್ನ ನೋಡೂದು ಇದರಾಗ ಬರೂದಿಲ್ಲ, ಅದರ ಲೆಕ್ಕ ಬ್ಯಾರೆ. ಐದು ತಾಸಿನ ಕೆಲಸದಾಕಿ ಏಳು ದಿನ ಕೈ ತೊಳಕೊಂಡು ಕುಂತ್ರ ಊರ ಮಂದಿಗೆ ಹೊಟ್ಟಿ ಉರಿ ಯಾಕ?

ಇನ್ನೊಂದು ಮಾತು: "ಆ ರೊಕ್ಕದಾಗ ಕಾಶಿ ಆಗತಿತ್ತು, ರಾಮೇಶ್ವರ ಆಗತಿತ್ತು, ಪುಣ್ಯಾನರ ಬರತಿತ್ತು." ನಾನೂ ದೇವರ ಮಂದೀನ. ಶನಿವಾರ ಊರಾಗ ಇದ್ದೆ ಅಂದ್ರ ಹನಮಪ್ಪನ ಗುಡಿ ತಪ್ಪಿಸಿದಾಕಿ ಅಲ್ಲ. ಕಾಶಿಗೂ ಹೋಗತೀನಿ. ಆದ್ರ ಮನ್ಯಾಗ ಕಾರು ತಗೊಂಡಾಗ ಯಾರೂ ಕಾಶಿ ಲೆಕ್ಕ ಹಚ್ಚಲಿಲ್ಲ. ಮದವಿಯಾಗ ಸ್ಟೇಜಿನ ಹೂವಿಗೆ, ಡಿಜೆಗೆ ಲಕ್ಷಗಟ್ಟಲೆ ಹಾಕಿದಾಗ ಹಚ್ಚಲಿಲ್ಲ. ಹೆಣ್ಣಮಗಳು ಕುಂತು ನೀರ ನೋಡಿದಾಗ ಮಾತ್ರ ಕಾಶಿ ನೆಪ್ಪಾಗತೈತಿ. ಅದು ಭಕ್ತಿ ಅಲ್ಲರಿ.

ಇನ್ನ ನಮ್ಮ ಮಕ್ಕಳಿಗೆ ಒಂದು ಮಾತು, ಯಾಕಂದ್ರ ತಪ್ಪು ಬರೇ ಊರವರದಲ್ಲ. ಪರದೇಶದಾಗ ಇರೋ ಮಕ್ಕಳು ಅವ್ವನ್ನ ಕರಿಸಿಕೊಳ್ಳೂದು ಯಾವಾಗ? ಬಾಣಂತನ ಇದ್ದಾಗ, ಕೂಸಿಗೆ ಆಯಾ ಸಿಗದ ಇದ್ದಾಗ. ಮಕ್ಕಳಿಗೆ ಪ್ರೀತಿ ಇಲ್ಲ ಅಂತ ನಾ ಅನ್ನೂದಿಲ್ಲ, ಸೊಸಿನೂ ನೌಕರಿಗೆ ಹೋಗತಾಳ, ಆಕಿಗೂ ಎರಡ ಕೈ ಅದಾವ. ಆದ್ರ ಪ್ರವಾಸಕ್ಕ ಕರಕೊಂಡು ಹೋದ ಮ್ಯಾಲೂ ಅವ್ವ ಆಯಾನ ಆಗಬೇಕೇನು? ಹಡಗಿನ್ಯಾಗ ಹುಡುಗರನ್ನ ಆಡಸಾಕ ಒಂದು ಜಾಗಾ ಇರತೈತಿ, ಮೂರು ವರ್ಷ ತುಂಬಿದವರನ್ನ ತಗೋತಾರ. ನಮ್ಮ ಮೊಮ್ಮಗಗ ಎರಡ. ಗ್ಲೇಸಿಯರ್ ಬೇ ಮುಟ್ಟೋ ಹಿಂದಿನ ರಾತ್ರಿ ಮಗ ಅಂದ, "ಅವ್ವಾ, ನಾಳೆ ಥಂಡಿ ಭಾಳ ಇರತೈತಿ, ನೀ ಕೂಸಿನ ಜೋಡಿ ರೂಮಿನ್ಯಾಗ ಬೆಚ್ಚಗ ಇರು. ನಾವು ವಿಡಿಯೋ ತಗೊಂಡು ಬರತೀವಿ."

ಇಷ್ಟು ದೂರ ಬಂದದ್ದು ವಿಡಿಯೋ ನೋಡಾಕೇನು? ನಾ ಹೇಳಿದೆ, "ದೊಡ್ಡವರು ನಾಕು ಮಂದಿ ಅದೀವಿ. ತಾಸಿಗೊಬ್ಬರಂಗ ಪಾಳಿ ಹಚ್ಚು. ಮೊದಲನೇ ಪಾಳಿ ನಿಮ್ಮಪ್ಪಂದು." ಮಗ ನಕ್ಕ, ಸೊಸಿ ನಗಲಿಲ್ಲ, ಹಾಳಿ ತಗೊಂಡು ಪಾಳಿ ಬರದಳು. ನಮ್ಮ ಮನಿಯವರು ತಮ್ಮ ಮೂರು ಮಕ್ಕಳಿಗೆ ಮಾಡದ ಕೆಲಸ ಅವತ್ತ ಮೊಮ್ಮಗಗ ಮಾಡಿದ್ರು, ಡೈಪರ್ ಬದಲಿ ಮಾಡಿದ್ರು. ಏನೂ ಆಗಲಿಲ್ಲ. ಕೂಸೂ ಆರಾಮ ಇತ್ತು, ಅಜ್ಜನೂ ಆರಾಮ ಇದ್ರು.

ನಾ ಇಳಕಲ್ ಸೀರಿ ಮ್ಯಾಲ ಸ್ವೆಟರ್, ಅದರ ಮ್ಯಾಲ ಸೊಸೀದು ಜಾಕೀಟು, ತಲಿಗೆ ಮಫ್ಲರ್ ಕಟ್ಟಿಕೊಂಡು ಮ್ಯಾಲಿನ ಅಂತಸ್ತಿಗೆ ಹೋಗಿ ನಿಂತೆ. "ಮನ್ಯಾಗ ಇರೋ ಹೆಣ್ಣಮಗಳಿಗೆ ಅಲ್ಲಿ ಏನ ತಿಳೀತು?" ಅನ್ನೋರಿಗೆ ಏನ ತಿಳೀತು ಹೇಳತೀನಿ. ಅಲ್ಲಿ ದಿನಕ್ಕ ಎರಡ ದೊಡ್ಡ ಹಡಗ ಅಷ್ಟ ಬಿಡತಾರ. ಸಣ್ಣ ಬೋಟಿನ್ಯಾಗ ಸರ್ಕಾರದ ಅರಣ್ಯದವರು ಬಂದು ನಮ್ಮ ಹಡಗ ಹತ್ತತಾರ, ಮೈಕಿನ್ಯಾಗ ಎಲ್ಲಾ ಹೇಳತಾರ. ಸೊಸಿ ನನಗ ಕನ್ನಡದಾಗ ಹೇಳಿದಳು. 1794ರಾಗ ವ್ಯಾಂಕೂವರ್ ಅನ್ನೋರ ಹಡಗಿನವರು ಅಲ್ಲಿಗೆ ಬಂದಾಗ ಒಳಗ ಹೋಗಾಕ ಹಾದೀನ ಇದ್ದಿಲ್ಲಂತ, ಬಾಯಿ ತನಕ ಬರ್ಫನ ತುಂಬಿತ್ತು. 1879ರಾಗ ಜಾನ್ ಮ್ಯೂರ್ ಬರೂದರಾಗ ಅದು 40 ಮೈಲಿಗೂ ಜಾಸ್ತಿ ಹಿಂದ ಸರದಿತ್ತು. ಈಗ 65 ಮೈಲಿ, ಅಂದ್ರ ನೂರು ಕಿಲೋಮೀಟರಿಗೂ ಹೆಚ್ಚು, ಹಡಗ ಒಳಗ ಹೋಗತೈತಿ. ಕೊನೀಗೆ ಮಾರ್ಜರಿ ಅನ್ನೋ ಬರ್ಫದ ನದಿ ಎದರಿಗೆ ನಿಂದರತೈತಿ. ಒಂದು ಮೈಲಿ ಅಗಲ, ನೀರಿನ ಮ್ಯಾಲ ಸುಮಾರು 250 ಅಡಿ ಎತ್ತರ. ಮುರ್ಡೇಶ್ವರದ ರಾಜಗೋಪುರದಷ್ಟು ಎತ್ತರದ ಗೋಡಿ, ನೀಲಿ ಬಣ್ಣದ್ದು, ಮೈಲಿ ಉದ್ದಕ ನಿಂತಂಗ. ಅದರಾಗಿಂದ ಒಂದು ತುಂಡ ಕಿತ್ತು ಬೀಳತೈತಿ. ಮೊದಲ ಬಿದ್ದದ್ದು ಕಾಣತೈತಿ, ಆಮ್ಯಾಲ ಗುಡುಗಿದಂಗ ಸಪ್ಪಳ ಬರತೈತಿ.

ಆ ಜಾಗಾದಾಗ ಟ್ಲಿಂಗಿಟ್ ಅನ್ನೋ ಮೂಲ ಮಂದಿ ಊರ ಕಟ್ಟಿಕೊಂಡು ಇದ್ರಂತ. 1700ರ ಈಚೆಗೆ ಬರ್ಫ ಮುಂದ ಬರಾಕ ಹತ್ತಿ ಅವರು ಮನಿ ಮಠ ಬಿಟ್ಟು ಹೋಗಬೇಕಾತು. 2016ರಾಗ ಆ ಕೊಲ್ಲಿಯ ದಂಡಿ ಮ್ಯಾಲ ಅವರ ಕುಲದವರಿಗಂತ ತಿರುಗಿ ಒಂದು ದೊಡ್ಡ ಮನಿ ಕಟ್ಟ್ಯಾರ. ಸೊಸಿ ಇದನ್ನ ಹೇಳಿದಾಗ ನನ್ನ ಎದಿ ಝಲ್ ಅಂತು. ಆಲಮಟ್ಟಿ ಹಿನ್ನೀರು ಬಂದು ಹಳೇ ಬಾಗಲಕೋಟಿ ಓಣಿಗಳು ಮುಣಗಿ, ಮಂದಿ ನವನಗರಕ್ಕ ಗಂಟು ಹೊತ್ತದ್ದು ನಾ ಕಣ್ಣಾರೆ ಕಂಡೀನಿ. ಅವರಿಗೆ ಬರ್ಫ ಬಂತು, ನಮಗ ನೀರು ಬಂತು. ಅವರ ಬರ್ಫ ಹಿಂದ ಸರೀತು, ನಮ್ಮ ನೀರು ಸರಿಯಂಗಿಲ್ಲ. ಹಡಗಿನ ಮ್ಯಾಲ ನಿಂತ ಎಷ್ಟೋ ಕಲತವರಿಗಿಂತ ಬಾಗಲಕೋಟಿ ಹೆಣ್ಣಮಗಳಿಗೆ ಅದು ಚೊಲೋತಂಗ ತಿಳೀತೈತಿ. ಆದ್ರ ತಿಳೀಬೇಕಂದ್ರ ಆಕಿ ರೂಮಿನ್ಯಾಗ ಡೈಪರ್ ಬದಲಿ ಮಾಡಕೊಂತ ಕುಂತಿರಬಾರದು.

ಇಲ್ಲಿಗೆ ಶ್ಯಾಣೇರು ಒಂದು ಮಾತು ಎತ್ತತಾರ. "ನೀ ಒಲಿ ಹಚ್ಚಲಿಲ್ಲ ಖರೆ, ಮತ್ತೊಬ್ಬರು ಹಚ್ಚಿದ್ರಲ್ಲ. ನಿನ್ನ ಭಾರ ಅವರ ತಲಿ ಮ್ಯಾಲ ಹೋತು." ಖರೇನ ಐತಿ. ನಮಗ ದಿನಾ ಬ್ಯಾಳಿ ಸಾರು, ಮೊಸರು ತಂದು ಕೊಡತಿದ್ದವ ಒಬ್ಬ ಗೋವಾದ ಹುಡುಗ. ಹಡಗಿನ್ಯಾಗ ಹಿಂಗ ನಮ್ಮ ದೇಶದವರು, ಫಿಲಿಪೈನ್ಸಿನವರು, ಇಂಡೋನೇಷ್ಯಾದವರು ಭಾಳ ಮಂದಿ ದುಡೀತಾರ. ಆರು ತಿಂಗಳು, ಎಂಟು ತಿಂಗಳು ಕರಾರು, ವಾರದ ರಜಾ ಅನ್ನೂದು ಇಲ್ಲ. ಅದು ನ್ಯಾಯ ಅಂತ ನಾ ಹೇಳವಲ್ಲೆ, ಅವರಿಗೂ ರಜಾ ಬೇಕು. ಆದ್ರ ಆ ಹುಡುಗನ್ನ ಕೇಳಿದಾಗ ಅವ ಎಲ್ಲಾ ಲೆಕ್ಕ ಹೇಳಿದ: ದಿನಕ್ಕ ಎಷ್ಟು ತಾಸು, ತಿಂಗಳಿಗೆ ಎಷ್ಟು ಪಗಾರ, ಯಾವ ತಾರೀಖಿಗೆ ಕರಾರು ಮುಗೀತೈತಿ, ಯಾವತ್ತ ಮನಿಗೆ ಹೋಗತೀನಿ. ನನ್ನ ಕರಾರು ಅಕ್ಕಿಕಾಳು ಬಿದ್ದ ದಿನ ಸುರು ಆತು. ಅದರಾಗ ತಾಸು ಬರದಿಲ್ಲ, ಪಗಾರ ಬರದಿಲ್ಲ, ಮುಗಿಯೋ ತಾರೀಖೂ ಬರದಿಲ್ಲ. ಅವನ ಕೆಲಸಕ್ಕ ಕೆಲಸ ಅಂತಾರ, ನಂದಕ್ಕ ಸ್ವಭಾವ ಅಂತಾರ. ನನ್ನ ಜಗಳ ಇರೂದು ಇಲ್ಲಿ.

"ನಿನಗ ಸಿಯಾಟಲ್ಲಿನ್ಯಾಗ ಮಗ ಅದಾನ, ನಮಗ ಯಾರದಾರ?" ಅಂತ ಕೇಳೋರಿಗೆ ಹೇಳತೀನಿ. ಹಡಗ ಬೇಕಾಗಿಲ್ಲ. 2023ರ ಜೂನ್ 11ರಿಂದ ನಮ್ಮ ಸರ್ಕಾರಿ ಬಸ್ಸಿನ್ಯಾಗ ಹೆಣ್ಣಮಕ್ಕಳಿಗೆ ಟಿಕೆಟ್ ಇಲ್ಲ. ಅದಕ್ಕೂ ಏನೇನ ಅಂದ್ರು ನೆಪ್ಪೈತೇನು? "ಮನಿ ಮಾರು ಬಿಟ್ಟು ತಿರಗಾಕ ಹತ್ಯಾರ, ಗಂಡಂದಿರಿಗೆ ಕೂಳಿಲ್ಲ" ಅಂತ ನಕ್ಕರು. ನೋಡ್ರಿ, ಹಡಗ ಇರಲಿ, ಕೆಂಪ ಬಸ್ಸಿರಲಿ, ಮಾತು ಅದ. ಗಂಡಗ ಕೂಳು ಯಾರು ಹಾಕತಾರ ಅನ್ನೋ ಮಾತು. ಅವಗೂ ಎರಡ ಕೈ ಅದಾವ, ಅಕ್ಕಿ ಡಬ್ಬಿ ಎಲ್ಲೈತಿ ಅಂತ ಒಮ್ಮೆ ತೋರಿಸಿ ಹೋಗ್ರಿ.

ಅದಕ್ಕ ನಾ ಈಗ ಮನ್ಯಾಗ ಮೂರು ನಿಯಮ ಮಾಡೀನಿ, ನೀವೂ ಮಾಡ್ರಿ. ಪ್ರವಾಸ ಅಂದ ಮ್ಯಾಲ ಸ್ಟವ್, ಸಿಲಿಂಡರ್, ದೊಡ್ಡ ಭಾಂಡೆ ಗಾಡಿ ಹತ್ತಂಗಿಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ರ ಸಾಕು, ಉಳದದ್ದು ಖಾನಾವಳಿಯಾಗ, ದಾಸೋಹದಾಗ. ಎರಡನೇದು, ಕೂಸಿದ್ರ ಪಾಳಿ, ಅಜ್ಜಂದೂ ಒಂದು ಪಾಳಿ. ಮೂರನೇದು, ಹೋಗೋ ಜಾಗಾದಾಗ ನೋಡೂದು ಏನೈತಿ ಅಂತ ಮೊದಲ ಕೇಳಿ ತಿಳಕೊಂಡು ಹೋಗೂದು, ಎಲ್ಲಾರಕಿಂತ ಮುಂದ ಹೋಗಿ ನಿಂದ್ರೂದು.

ಬರೋ ಬನದ ಹುಣ್ಣಿವಿಗೆ ನಾವು ಐದಾರು ಮಂದಿ ಬಾದಾಮಿ ಬನಶಂಕರಿ ಜಾತ್ರಿಗೆ ಬಸ್ಸಿನ್ಯಾಗ ಹೊಂಟೀವಿ. ಅಲ್ಲಿ ಬುಟ್ಟಿಯಾಗ ಜೋಳದ ರೊಟ್ಟಿ, ಪಲ್ಲೆ, ಗಟ್ಟಿ ಮೊಸರು ಇಟಗೊಂಡು ಮಾರೋ ಹೆಣ್ಣಮಕ್ಕಳು ಅದಾರ. ಅವರ ಹಂತ್ಯಾಕ ರೊಕ್ಕ ಕೊಟ್ಟು ಉಣ್ಣೂಣು. ನಮಗ ಊಟ ಆಗತೈತಿ, ಅವರಿಗೆ ಕೂಲಿ ಆಗತೈತಿ. ಆಮ್ಯಾಲ ತೇರು ನೋಡೂಣು, ಹರಿದ್ರಾತೀರ್ಥದ ಕಟ್ಟಿ ಮ್ಯಾಲ ಹೊತ್ತು ಮುಣಗೋ ತನಕ ಕುಂದ್ರೂಣು. ಬರೋರು ಬರ್ರಿ. ಸ್ಟವ್ ಹೊತಗೊಂಡು ಬರೋರು ಮಾತ್ರ ಬ್ಯಾರೆ ಬಸ್ಸಿಗೆ ಬರ್ರಿ.